‘ಗ್ಯಾಸ್ ಹೋಗ್ಯಾದ್ರಿ’ ಅಂದ ಮೇಲೆ ನಾನು ಮಾಡಿದ್ದು

ಹೋದ ವರ್ಷ ಏಪ್ರಿಲ್. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿತ್ತು. ಮಧ್ಯಾಹ್ನ ಬ್ಯಾಂಕಿನಲ್ಲಿ ಕೂತಿದ್ದಾಗ ಅವ್ವನ ಫೋನ್ ಬಂತು. “ತಮ್ಮಾ, ಎಸಿ ಬರೇ ಗಾಳಿ ಬಿಡ್ಲಾಕತ್ತದ, ತಂಪಿಲ್ಲ.”

ನಮ್ಮದು 2017ರಲ್ಲಿ ಕೊಂಡ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ. ಇನ್ವರ್ಟರ್ ಎಸಿ ಅಲ್ಲ, ಒಂದೇ ವೇಗದಲ್ಲಿ ಓಡುವ ಹಳೇ ಥರದ್ದು. ಮಹಡಿ ಮೇಲಿನ ಕೋಣೆ, ಮೇಲೆ ನೇರ ಆರ್‌ಸಿಸಿ ಛಾವಣಿ. ಎಸಿ ಇಲ್ಲದಿದ್ದರೆ ಆ ಕೋಣೆಯಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ.

ಅಂಗಡಿಯವರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಸಂಜೆ ಒಬ್ಬ ಹುಡುಗ ಬಂದ. ತಾರಸಿಗೆ ಹೋದ, ಹೊರಗಿನ ಯೂನಿಟ್‌ನ ಪೈಪ್ ಒಂದು ಸಲ ಕೈಯಿಂದ ಮುಟ್ಟಿದ. ಇಳಿದು ಬಂದವನೇ “ಗ್ಯಾಸ್ ಹೋಗ್ಯಾದ್ರಿ ಸರ್, 2,800 ಆಗ್ತದ” ಅಂದ. ಮೀಟರ್ ಇಲ್ಲ, ಗೇಜ್ ಇಲ್ಲ. ಎಲ್ಲಿಗೆ ಹೋಯ್ತು ಅಂತ ಕೇಳಿದೆ. “ಏಳು ವರ್ಷ ಆಗ್ಯಾದಲ್ರಿ, ಖಾಲಿ ಆಗ್ತದ.”

ನನಗೆ ಅನುಮಾನ ಬಂದಿದ್ದೇ ಅಲ್ಲಿ. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿಸಿದಷ್ಟು ಸುಟ್ಟು ಹೋಗೋದಕ್ಕೆ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ತೂತು ಬಿದ್ದಿದೆ ಅಂತಲೇ ಅರ್ಥ. ತೂತು ಹುಡುಕದೆ ತುಂಬಿಸಿದರೆ ಮುಂದಿನ ತಿಂಗಳು ಮತ್ತೆ 2,800. ಬಂದಿದ್ದಕ್ಕೆ 300 ರೂಪಾಯಿ ಕೊಟ್ಟು ಕಳಿಸಿದೆ.

ಹೆಂಡತಿಗೆ ಸಿಟ್ಟು ಬಂತು. “ಈ ಬಿಸಲಾಗ ಅತ್ತೀನ್ನ ಕೂಡಿಸ್ಕೊಂಡು ಪ್ರಯೋಗ ಮಾಡ್ತೀರೇನು?” ನ್ಯಾಯವಾದ ಪ್ರಶ್ನೆಯೇ. ಅವ್ವನನ್ನು ಕೆಳಗಿನ ಕೋಣೆಗೆ ಕಳಿಸಿ, ಅಲ್ಲಿ ಕೂಲರ್ ಹಾಕಿ ಕೊಟ್ಟೆ. ಒಂದು ರಾತ್ರಿ ಟೈಮ್ ಸಿಕ್ಕಿತು.

ಮೊದಲು ಸುಲಭದ್ದು ನೋಡಿದೆ. ರಿಮೋಟ್ ಕೂಲ್ ಮೋಡ್‌ನಲ್ಲೇ ಇತ್ತು. ನಗಬೇಡಿ, ಮಕ್ಕಳು ಫ್ಯಾನ್ ಮೋಡ್‌ಗೆ ಒತ್ತಿಟ್ಟು ಮೆಕ್ಯಾನಿಕ್ ಕರೆಸಿದ ಮನೆ ನಮ್ಮ ಓಣಿಯಲ್ಲೇ ಇದೆ. ಫಿಲ್ಟರ್ ಹೋದ ವಾರವೇ ತೊಳೆದದ್ದು, ಚೊಕ್ಕಟ ಇತ್ತು. ಆಮೇಲೆ ತಾರಸಿಗೆ ಹೋಗಿ ಹೊರಗಿನ ಯೂನಿಟ್ ಪಕ್ಕ ಸುಮ್ನೆ ಕೂತೆ. ಅರ್ಧ ಉತ್ತರ ಸಿಕ್ಕಿದ್ದು ಅಲ್ಲೇ.

ಫ್ಯಾನ್ ತಿರುಗುತ್ತಿತ್ತು. ಆದರೆ ಎಸಿ ಚೆನ್ನಾಗಿದ್ದಾಗ ಕೇಳುವ ಆ ದಪ್ಪ ಗುಂಯ್ ಸದ್ದು ಇರಲಿಲ್ಲ. ಮೂರ್ನಾಲ್ಕು ನಿಮಿಷಕ್ಕೊಮ್ಮೆ ಒಳಗಿನಿಂದ ‘ಹ್ಞೂಂ’ ಅಂತ ಯಾರೋ ಮುಕ್ಕಿರಿದ ಹಾಗೆ ಸದ್ದು, ಎರಡು ಮೂರು ಸೆಕೆಂಡ್, ಆಮೇಲೆ ಟಕ್. ಮತ್ತೆ ಬರೀ ಫ್ಯಾನ್. ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಏಳೋದಕ್ಕೆ ನೋಡುತ್ತಿದೆ, ಏಳೋಕೆ ಆಗುತ್ತಿಲ್ಲ. ಕಂಪ್ರೆಸರೇ ತಿರುಗದಿದ್ದರೆ ಪೈಪ್ ತಣ್ಣಗಾಗೋದು ಹೇಗೆ? ಆ ಹುಡುಗ ಮುಟ್ಟಿ ನೋಡಿದ್ದು ಸರಿ, ಅರ್ಥ ಮಾಡಿಕೊಂಡಿದ್ದು ತಪ್ಪು.

ಮರುದಿನ ಒಬ್ಬ ಸಹೋದ್ಯೋಗಿ ಇನ್ನೊಬ್ಬರ ನಂಬರ್ ಕೊಟ್ಟರು. ಔಷಧಿ ಅಂಗಡಿಗಳ ಫ್ರಿಜ್ ನೋಡಿಕೊಳ್ಳುವವರು, ಐವತ್ತರ ಆಸುಪಾಸಿನ ಭಾಯಿ. ಫೋನಿನಲ್ಲೇ ಕೇಳಿದೆ: ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆಯಾ, ಪೈಪಿನೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಇದೆಯಾ? ಅವರು ನಕ್ಕರು. “ಇಲ್ಲದಿದ್ರ ಕೆಲಸ ಹ್ಯಾಂಗ್ ಮಾಡ್ಲಿರಿ ಸರ್?”

ಭಾಯಿ ಬಂದು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕ್ಲ್ಯಾಂಪ್ ಮೀಟರ್ ವೈರಿಗೆ ಹಾಕಿ ಕಾದರು. ಕಂಪ್ರೆಸರ್ ಮುಕ್ಕಿರಿದಾಗ ಮೀಟರ್ 30 ಆಂಪಿಯರ್ ಮೇಲೆ ಹಾರಿ ಮತ್ತೆ ಬಿತ್ತು. ಎಂಸಿಬಿ ಸ್ವಿಚ್ ಇಳಿಸಿ, ಕರೆಂಟ್ ತೆಗೆದು ಯೂನಿಟ್ ಬಿಚ್ಚಿದರು. ಕೆಪಾಸಿಟರ್‌ನ ತಲೆ ಸ್ವಲ್ಪ ಉಬ್ಬಿತ್ತು. ಅದರಲ್ಲಿ ಉಳಿದಿದ್ದ ಚಾರ್ಜ್ ಕಳೆದು ಅಳೆದರೆ, 50 ಮೈಕ್ರೋಫ್ಯಾರಡ್ ಅಂತ ಬರೆದದ್ದರಲ್ಲಿ ಉಳಿದಿದ್ದು 31. ಕಂಪ್ರೆಸರ್‌ಗೆ ಎದ್ದು ನಿಲ್ಲೋ ಬಲ ಕೊಡೋದೇ ಅದು. ಹೊಸದು ಹಾಕಿದರು. ಗುಂಯ್ ಅಂತು. ಸಾಮಾನು, ಕೂಲಿ ಸೇರಿ 650 ರೂಪಾಯಿ.

ಒಂದು ಮಾತು. ಶಬ್ದ ಕೇಳೋದು, ಫಿಲ್ಟರ್ ತೊಳೆಯೋದು ನಮ್ಮ ಕೆಲಸ. ಕೆಪಾಸಿಟರ್ ಮುಟ್ಟೋದು ಅಲ್ಲ. ಕರೆಂಟ್ ತೆಗೆದ ಮೇಲೂ ಅದು ಜೋರಾಗಿ ಹೊಡೆಯಬಹುದು.

ಕೆಪಾಸಿಟರ್ ಯಾಕೆ ಹೋಯ್ತು ಅಂತ ಕೇಳಿದ್ದಕ್ಕೆ ಭಾಯಿ ನನ್ನನ್ನು ಯೂನಿಟ್ ಹಿಂದೆ ಕರೆದುಕೊಂಡು ಹೋದರು. ನಾಚಿಕೆ ಆಯ್ತು. ನಮ್ಮ ಮನೆಗೆ ಸ್ವಲ್ಪ ದೂರದಲ್ಲಿ ಬೇಳೆ ಮಿಲ್ಲುಗಳಿವೆ. ತೊಗರಿ ಸೀಸನ್ನಿನಲ್ಲಿ ಹೊಟ್ಟಿನ ಧೂಳು ಊರೆಲ್ಲ ಹಾರುತ್ತದೆ. ಹಿಂದಿನ ಅಲ್ಯೂಮಿನಿಯಂ ಜಾಲರಿ ಮೇಲೆ ಆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಕೋಣೆಯೊಳಗಿನ ಶಾಖ ಹೊರಗೆ ಹೋಗಬೇಕಾದ ಬಾಗಿಲೇ ಅದು. ಬಾಗಿಲು ಮುಚ್ಚಿದರೆ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಇಡೀ ಯೂನಿಟ್ ಬೇಯುತ್ತದೆ. ಅದರ ಮೇಲೆ ಪಶ್ಚಿಮದ ಬಿಸಿಲು ಬೇರೆ. ಕೆಪಾಸಿಟರ್‌ಗೆ ಶಾಖ ಆಗಿಬರೋದಿಲ್ಲ.

ತೊಳೆಯುವ ಮುಂಚೆ ಅಳೆಯೋಣ ಅಂದೆ. ಹದಿನೈದು ನಿಮಿಷ ಓಡಿಸಿ, ಎಸಿ ಮೇಲ್ಗಡೆ ಗಾಳಿ ಎಳೆಯುವ ಜಾಗದಲ್ಲೊಮ್ಮೆ, ಕೆಳಗೆ ಗಾಳಿ ಬಿಡುವ ಜಾಗದಲ್ಲೊಮ್ಮೆ ಥರ್ಮಾಮೀಟರ್ ಹಿಡಿದೆ. ವ್ಯತ್ಯಾಸ 7 ಡಿಗ್ರಿ. ಕರೆಂಟ್ 8.6 ಆಂಪಿಯರ್, ಯೂನಿಟ್‌ಗೆ ಅಂಟಿಸಿದ ಕಂಪನಿ ಪ್ಲೇಟಿನ ಮೇಲೆ ಬರೆದದ್ದು 7.4. ಎಂಸಿಬಿ ಇಳಿಸಿ, ಮೊದಲು ಮೆತ್ತಗಿನ ಬ್ರಷ್, ಆಮೇಲೆ ಒಳಗಡೆಯಿಂದ ಹೊರಗಡೆಗೆ ಪೈಪ್ ನೀರು ಬಿಟ್ಟರು. ಸ್ಕೂಟರ್ ತೊಳೆಯುವ ಜೋರು ನೀರು ಬೇಡ ಅಂದರು, ಜಾಲರಿ ಮಡಚಿಕೊಳ್ಳುತ್ತದೆ. ಬಕೆಟ್‌ಗಟ್ಟಲೆ ಕೆಸರು ಇಳಿಯಿತು. ಒಣಗಿಸಿ ಮತ್ತೆ ಅಳೆದರೆ ವ್ಯತ್ಯಾಸ 11, ಕರೆಂಟ್ 7.3. ಗ್ಯಾಸ್ ಒಂದು ಗ್ರಾಂ ಕೂಡ ಮುಟ್ಟಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಆ ಹುಡುಗನ ಮೇಲೆ ಪೂರ್ತಿ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಮೇ ಕೊನೆಗೆ ಗ್ಯಾಸ್ ನಿಜವಾಗಿಯೂ ಹೋಯ್ತು!

ಈ ಸಲ ಲಕ್ಷಣ ಬೇರೆ. ಕಂಪ್ರೆಸರ್ ಚೆನ್ನಾಗಿ ಓಡುತ್ತಿತ್ತು. ವ್ಯತ್ಯಾಸ 5ಕ್ಕೆ ಇಳಿದಿತ್ತು. ಕರೆಂಟ್ ಕೂಡ ಇಳಿದಿತ್ತು, 5.2. ಹೊರಗೆ ತೆಳು ಪೈಪಿನ ಬುಡದಲ್ಲಿ, ಆ ಉರಿಬಿಸಿಲಲ್ಲಿ, ಬಿಳಿ ಹಿಮ ಕಟ್ಟಿತ್ತು. ಗ್ಯಾಸ್ ಕಡಿಮೆಯಾದರೆ ಅಲ್ಲಿ ಒತ್ತಡ ಬಿದ್ದು ಹೀಗೆ ಹಿಮ ಬರುತ್ತದೆ. ಧೂಳು ಕಟ್ಟಿದಾಗ ಕರೆಂಟ್ ಏರಿತ್ತು, ಈಗ ಇಳಿದಿದೆ. ತಂಪು ಕಡಿಮೆ ಆಗಿದ್ದು ಎರಡು ಸಲವೂ, ಆದರೆ ಮೀಟರ್ ಮುಳ್ಳು ಎದುರುಬದುರು. ಮೀಟರ್ ಇಲ್ಲದೆ ಬರುವವರನ್ನು ನಾನು ಮನೆಗೆ ಸೇರಿಸದಿರೋದು ಇದಕ್ಕೇ.

ಭಾಯಿ ದಪ್ಪ ಪೈಪಿನ ನಟ್ ಹತ್ತಿರ ಎಣ್ಣೆಯ ಜಿಡ್ಡು ತೋರಿಸಿದರು. ಗ್ಯಾಸ್ ಸೋರುವಾಗ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಹೊರಬರುತ್ತದೆ. ಸೋಪಿನ ನೊರೆ ಹಚ್ಚಿದರು. ಗುಳ್ಳೆ ಬಂತು.

ನಟ್ ಬಿಗಿ ಮಾಡಿದರೆ ಸಾಲದಾ ಅಂದೆ. ಪೈಪಿನ ಬಾಯಿಯೇ ಸೀಳಿತ್ತಂತೆ. ಹಾಗಾದರೆ ಉಳಿದ ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದುಕೊಂಡು ಕೆಲಸ ಮಾಡಬಹುದಲ್ವಾ ಅಂತ ನನ್ನ ಜಾಣತನ ತೋರಿಸಿದೆ. ಅವರು ಒಪ್ಪಲಿಲ್ಲ. ಸೋರುವ ಪೈಪಿನಲ್ಲಿ ಹಾಗೆ ಎಳೆದರೆ ತೂತಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಗಾಳಿ, ಎಣ್ಣೆ, ಒತ್ತಡ ಮೂರೂ ಕಂಪ್ರೆಸರ್‌ನಲ್ಲಿ ಸೇರಿದರೆ ಸಿಡಿಯಬಹುದು. “ನನಗ ಮಕ್ಕಳವರಿ ಸರ್” ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಗ್ಯಾಸ್ ಹಿಡಿದಿಡುವ ಯಂತ್ರ ಅವರ ಹತ್ತಿರ ಇರಲಿಲ್ಲ. ಉಳಿದದ್ದನ್ನು ತಾರಸಿ ಮೇಲೆ ಬಯಲಲ್ಲಿ ನಿಧಾನಕ್ಕೆ ಬಿಟ್ಟರು. ಇದು ನನಗೆ ಇಷ್ಟವಾಗಲಿಲ್ಲ. ನಮ್ಮ ಎಸಿಯದು ಆರ್32 ಅನ್ನೋ ಗ್ಯಾಸ್. ಭೂಮಿ ಬಿಸಿ ಮಾಡೋದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 675 ಪಟ್ಟು ಜೋರು. ತಕ್ಕಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಕೂಡ, ಹಾಗಾಗಿ ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಂಡೆ.

ಪೈಪಿನ ತುದಿ ಕತ್ತರಿಸಿ ಹೊಸದಾಗಿ ಬಾಯಿ ಅರಳಿಸಿದರು. ಇನ್ನೂ ಸೋರುತ್ತದಾ ಅಂತ ನೋಡೋಕೆ ನೈಟ್ರೋಜನ್ ತುಂಬಿ ಅರ್ಧ ಗಂಟೆ ಬಿಟ್ಟರು, ಒತ್ತಡದ ಗೇಜಿನ ಮುಳ್ಳು ಅಲ್ಲಾಡಲಿಲ್ಲ. ಇದಕ್ಕೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಬಳಸುವವರೂ ಇದ್ದಾರಂತೆ. ಒಳಗಿನ ಎಣ್ಣೆಗೆ ಆಕ್ಸಿಜನ್ ಸೇರಿದರೆ ಬಾಂಬೇ. ಆಮೇಲೆ ವ್ಯಾಕ್ಯೂಮ್ ಪಂಪ್ ಮುಕ್ಕಾಲು ಗಂಟೆ ಓಡಿತು. ಆ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲೋದು ಯಾರಿಗೆ ಬೇಕು? ಅದಕ್ಕೇ ಬಹಳ ಜನ ಈ ಕೆಲಸ ಬಿಟ್ಟುಬಿಡುತ್ತಾರೆ, ಒಂದಿಷ್ಟು ಗ್ಯಾಸ್ ಬಿಟ್ಟು ಗಾಳಿ ತಳ್ಳಿದೆವು ಅನ್ನುತ್ತಾರೆ. ಒಳಗೆ ಗಾಳಿ, ತೇವ ಉಳಿದರೆ ಕಂಪ್ರೆಸರ್ ಆಯುಷ್ಯ ಕಡಿಮೆ. ನಾನು ಛತ್ರಿ ಹಿಡಿದು ನಿಂತೆ, ಹೆಂಡತಿ ಮಜ್ಜಿಗೆ ತಂದುಕೊಟ್ಟಳು.

ಕೊನೆಗೆ ಸಿಲಿಂಡರನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟರು. ಪ್ಲೇಟಿನ ಮೇಲೆ 850 ಗ್ರಾಂ ಅಂತಿತ್ತು, ಸರಿಯಾಗಿ ಅಷ್ಟೇ ಹಾಕಿದರು. ಎಲ್ಲ ಸೇರಿ 3,400 ರೂಪಾಯಿ. ಮೊದಲಿನ ಹುಡುಗ ಹೇಳಿದ್ದಕ್ಕಿಂತ ಜಾಸ್ತಿ. ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ.

ಆಮೇಲೆ ಯೂನಿಟ್ ಮೇಲೆ ಎರಡು ಅಡಿ ಎತ್ತರಕ್ಕೆ ಹಸಿರು ನೆಟ್ ಕಟ್ಟಿಸಿದೆ. ನೆರಳಾಗಬೇಕು, ಆದರೆ ಬಿಸಿಗಾಳಿ ತಿರುಗಿ ಯೂನಿಟ್‌ಗೇ ಬರಬಾರದು. ತಾರಸಿಗೆ ಸುಣ್ಣ ಹೊಡೆಸಿದೆ. ಮನೆಯವರಿಗೆ ರಿಮೋಟ್ 16ಕ್ಕೆ ಇಡೋದು ಬಿಡಿಸಿದೆ. ನಮ್ಮಂಥ ಹಳೇ ಎಸಿಯ ಕಂಪ್ರೆಸರ್‌ಗೆ ಇರೋದು ಒಂದೇ ವೇಗ. 16 ಇಟ್ಟರೂ 25 ಇಟ್ಟರೂ ತಂಪು ಬರುವ ವೇಗ ಒಂದೇ, 16ಕ್ಕೆ ಇಟ್ಟರೆ ನಿಲ್ಲೋದೇ ಇಲ್ಲ ಅಷ್ಟೇ. ಅವ್ವ ಮಾತ್ರ ಇದನ್ನು ಇನ್ನೂ ನಂಬಿಲ್ಲ.

ಈ ವರ್ಷ ಯುಗಾದಿಗೆ ಮುಂಚೆಯೇ ಜಾಲರಿ ತೊಳೆದೆ. ವ್ಯತ್ಯಾಸ 11, ಕರೆಂಟ್ 7.3. ಎಂಸಿಬಿ ಪೆಟ್ಟಿಗೆಯ ಬಾಗಿಲ ಒಳಗೆ ತಾರೀಖಿನ ಜೊತೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೀನಿ, ಭಾಯಿಯ ನಂಬರಿನ ಕೆಳಗೆ.