ಮಾಸ್ತರರು ಖಡಕ್, ಆದರೆ ರಿಜಿಡ್ ಅಲ್ಲ

ಕೆಲವು ವರ್ಷಗಳ ಹಿಂದೆ ಒಂದು ಅನುವಾದದ ಕೆಲಸ ಬಂತು. ಧಾರವಾಡ ಕಡೆಯ ನಿವೃತ್ತ ಹೆಡ್‌ಮಾಸ್ತರರ ಬಗ್ಗೆ ಶಿಷ್ಯರು ಬರೆದ ಲೇಖನಗಳು. ಮೊಮ್ಮಕ್ಕಳು ಹೊರದೇಶದಲ್ಲಿ ಬೆಳೆದವರು, ಕನ್ನಡ ಓದಲು ಬರುವುದಿಲ್ಲ. ಅವರಿಗಾಗಿ ಇಂಗ್ಲಿಷಿಗೆ ಮಾಡಿಕೊಡಬೇಕಿತ್ತು. ಎಲ್ಲ ಶಿಷ್ಯರದೂ ಒಂದೇ ಮಾತು: ಮಾಸ್ತರರು ಬಹಳ ಕಟ್ಟುನಿಟ್ಟು. ಹನ್ನೆರಡು ಪುಟದಲ್ಲಿ ಆ ಪದ ಹದಿನಾಲ್ಕು ಸಲ ಬಂದಿತ್ತು.

ಹದಿನಾಲ್ಕು ಸಲವೂ ‘ಸ್ಟ್ರಿಕ್ಟ್’ ಅಂತ ಬರೆದರೆ ಚೆನ್ನಾಗಿರಲ್ಲ ಅಲ್ವಾ? ಸಮಾನಾರ್ಥಕ ಪದಗಳ ಪಟ್ಟಿ ತೆಗೆದೆ. ರಿಜಿಡ್, ಸ್ಟರ್ನ್, ಸಿವಿಯರ್, ಹಾರ್ಷ್, ಆಸ್ಟಿಯರ್, ಸ್ಟ್ರಿಂಜೆಂಟ್ ಎಲ್ಲ ಸಾಲಾಗಿ ಕೂತಿದ್ದವು. ಪಂಕ್ತಿಯಲ್ಲಿ ಬಡಿಸಿದ ಹಾಗೆ ಪುಟಕ್ಕೊಂದು ಹಾಕುತ್ತಾ ಹೋದೆ. ಬಣ್ಣ ಬಣ್ಣದ ಇಂಗ್ಲಿಷ್ ಆಯಿತು ಅಂತ ಖುಷಿಯೂ ಆಯಿತು.

ಎರಡು ದಿನಕ್ಕೆ ಮಾಸ್ತರರ ಮಗಳ ಫೋನ್. “ಸರ್, ನಮ್ಮ ಅಪ್ಪಾರು ಇಷ್ಟು ಕೆಟ್ಟವರೇನ್ರಿ?”

ಕೂತು ಮತ್ತೆ ಓದಿದೆ. ಹತ್ತು ಗಂಟೆಯ ಗಂಟೆ ಹೊಡೆದ ಮೇಲೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ ಅನ್ನುವ ಕಡೆ ‘ರಿಜಿಡ್’ ಅಂತ ಹಾಕಿದ್ದೆ. ಮುಂದಿನ ಪ್ಯಾರಾದಲ್ಲೇ, ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಹುಡುಗರಿಗೆ ಮಾತ್ರ ಅರ್ಧ ಗಂಟೆ ಮಾಫಿ ಇತ್ತು ಅಂತ ಇದೆ! ರಿಜಿಡ್ ಅಂದರೆ ಸನ್ನಿವೇಶ ನೋಡಿಯೂ ಬಗ್ಗದವನು. ಅಂದರೆ ನಾನು ಬರೆದದ್ದು ಬರೀ ಒರಟಾಗಿರಲಿಲ್ಲ, ಸುಳ್ಳಾಗಿತ್ತು.

ಆವತ್ತಿನಿಂದ ಪಟ್ಟಿಯನ್ನು ನಂಬುವುದು ಬಿಟ್ಟೆ. ಪದ ಮರೆತವರಿಗೆ ಪಟ್ಟಿ ನೆನಪು ಮಾಡಿಕೊಡುತ್ತದೆ ಅಷ್ಟೆ, ಪದ ಗೊತ್ತಿಲ್ಲದವರಿಗೆ ದಾರಿ ತಪ್ಪಿಸುತ್ತದೆ. ಬದಲಿಗೆ ಒಂದೊಂದೇ ಪದ ಹಿಡಿದು, ಇದು ಮೊದಲು ಯಾವ ವಸ್ತುವಿಗೆ, ಯಾವ ಕೆಲಸಕ್ಕೆ ಹೇಳಿದ್ದು ಅಂತ ಹುಡುಕತೊಡಗಿದೆ.

‘ಸ್ಟ್ರಿಕ್ಟ್’ ಮತ್ತು ‘ಸ್ಟ್ರಿಂಜೆಂಟ್’ ಎರಡೂ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ಅದರ ಅರ್ಥ ಬಿಗಿಯಾಗಿ ಎಳೆದು ಕಟ್ಟುವುದು. ನಮ್ಮ ಕಟ್ಟುನಿಟ್ಟಿನಲ್ಲೂ ‘ಕಟ್ಟು’ ಇದೆ ನೋಡಿ. ‘ರಿಜಿಡ್’ ಬೇರೆ ಮನೆಯದು, ಅದು ಸೆಟೆದುಕೊಂಡದ್ದು. ಹೆಣ ಸೆಟೆಯುವುದಕ್ಕೆ ಡಾಕ್ಟರುಗಳು ಹೇಳುವ ‘ರಿಗರ್ ಮಾರ್ಟಿಸ್’ ಕೂಡ ಅದೇ ಮನೆಯದು. ಕಟ್ಟನ್ನು ಬೇಕಾದಾಗ ಸಡಿಲಿಸಬಹುದು. ಹಳ್ಳ ದಾಟಿ ಬರುವ ಹುಡುಗರಿಗೆ ಮಾಸ್ತರರು ಮಾಡಿದ್ದು ಅದನ್ನೇ. ಸೆಟೆದದ್ದಕ್ಕೆ ಆ ಸೌಕರ್ಯ ಇಲ್ಲ.

ಆದರೆ ಒಂದು ಮನೆಯಲ್ಲಿ ಹುಟ್ಟಿದವರೆಲ್ಲ ಒಂದೇ ಥರ ಇರಲ್ಲ. ‘ರಿಗರಸ್’ ಕೂಡ ಸೆಟೆದ ಮನೆಯದೇ, ಆದರೆ ಸಂಶೋಧನೆಗೆ ಹೇಳಿದರೆ ಹೊಗಳಿಕೆ. ಕೋರ್ಟಿಗೆ ಹೋದರೆ ಅದೇ ಪದ ಬೆವರಿಳಿಸುತ್ತದೆ. ಹಳೆಯ ದಂಡ ಸಂಹಿತೆಯ 53ನೇ ಕಲಂನಲ್ಲಿ ಸೆರೆವಾಸ ಎರಡು ಬಗೆ: ‘ರಿಗರಸ್’ ಮತ್ತು ‘ಸಿಂಪಲ್’. ರಿಗರಸ್ ಅಂದರೆ ಕಷ್ಟದ ದುಡಿಮೆ ಸೇರಿದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ಎರಡು ಬಗೆ ಹಾಗೇ ಉಳಿದಿವೆ. ಕನ್ನಡ ಪತ್ರಿಕೆಯ ‘ಕಠಿಣ ಸಜೆ’ ಇದೇ. ಅದನ್ನು ‘ಸ್ಟ್ರಿಕ್ಟ್’ ಅಂತಲೋ ‘ಸಿವಿಯರ್’ ಅಂತಲೋ ಮಾಡಿದರೆ ಕಾನೂನಿನ ಅರ್ಥವೇ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ‘ಆಸ್ಟಿಯರ್’. ಇದು ಗ್ರೀಕಿನಿಂದ ಬಂದದ್ದು, ಮೂಲದಲ್ಲಿ ನಾಲಿಗೆ ಒಣಗಿಸುವ ರುಚಿ. ಅಂದರೆ ಒಗರು! ಹಸಿ ಅಡಿಕೆ ಅಗಿದಾಗ, ಗೇರುಹಣ್ಣು ಕಚ್ಚಿದಾಗ ಆಗುತ್ತದಲ್ಲ, ಅದು. ಒಗರು ಅಂದಮೇಲೆ ಈ ಪದ ನನಗೆ ಮತ್ತೆ ತಪ್ಪಲಿಲ್ಲ. ಎರಡು ಜೊತೆ ಖಾದಿ ಬಟ್ಟೆ, ಗೋಡೆಯಲ್ಲಿ ಒಂದೇ ಕ್ಯಾಲೆಂಡರ್, ಸಕ್ಕರೆ ಇಲ್ಲದ ಚಹಾ ಇದ್ದಲ್ಲಿ ಅದು ಕೂರುತ್ತದೆ. ಹುಡುಗರಿಗೆ ಹೊಡೆದ ಪ್ರಸಂಗದಲ್ಲಿ ನಾನು ಅದನ್ನು ಹಾಕಿದ್ದೆ, ನಗಬೇಡಿ.

ಇನ್ನುಳಿದದ್ದು ಪದದ ಪಕ್ಕ ಯಾರು ಕೂರುತ್ತಾರೆ ಅನ್ನುವ ವಿಚಾರ. ‘ಸ್ಟರ್ನ್’ ಮುಖಕ್ಕೆ, ದನಿಗೆ, ಎಚ್ಚರಿಕೆಗೆ. ಬರ, ಚಳಿ, ನೋವಿಗೆ ‘ಸಿವಿಯರ್’. ‘ಸ್ಟ್ರಿಂಜೆಂಟ್’ ನಿಯಮಕ್ಕೆ, ಮನುಷ್ಯನಿಗಲ್ಲ. ಅಪ್ಪಟ ಸಸ್ಯಾಹಾರಿಗೆ ‘ಸ್ಟ್ರಿಕ್ಟ್ ವೆಜಿಟೇರಿಯನ್’ ಅನ್ನುತ್ತಾರೆ. ಅವರನ್ನೇ ‘ಸಿವಿಯರ್ ವೆಜಿಟೇರಿಯನ್’ ಅಂದು ನೋಡಿ, ಸೊಪ್ಪೇ ಹೆದರಬೇಕು.

ಮಾಸ್ತರರಿಗೆ ಸರಿಯಾದ ಪದ ಕೊನೆಗೆ ಸಿಕ್ಕಿದ್ದು ಪಟ್ಟಿಯ ಹೊರಗೆ. ಸಮಯದ ವಿಷಯದಲ್ಲಿ ಒಂದಿಷ್ಟೂ ಬಿಟ್ಟುಕೊಡದವರಿಗೆ ಇಂಗ್ಲಿಷಿನವರು ‘ಸ್ಟಿಕ್ಲರ್’ ಅನ್ನುತ್ತಾರೆ. ಹಿಂದೆ ಅದು ಕುಸ್ತಿಯ ತೀರ್ಪುಗಾರನ ಹೆಸರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕುಸ್ತಿಯಲ್ಲಿ ಈಗಲೂ ತೀರ್ಪುಗಾರರನ್ನು ಹಾಗೇ ಕರೆಯುತ್ತಾರೆ. ಆಟ ನಿಯಮದಂತೆ ನಡೆಯಬೇಕು ಅನ್ನುವವನು, ಆಟಗಾರರ ಶತ್ರುವಲ್ಲ.

ಎಲ್ಲ ತಿದ್ದಿ ಮುಗಿಸಿದಾಗ ಹದಿನಾಲ್ಕರಲ್ಲಿ ಒಂಬತ್ತು ಕಡೆ ‘ಸ್ಟ್ರಿಕ್ಟ್’ ಹಾಗೇ ಉಳಿಯಿತು. ಒಂದೇ ಪದ ಮತ್ತೆ ಮತ್ತೆ ಬಂದರೆ ಬರಲಿ ಅಂದುಕೊಂಡೆ.

ಒಂದು ವಾಕ್ಯ ಮಾತ್ರ ಸೋಲಿಸಿತು. “ಮಾಸ್ತರ ಅಂದ್ರ ಖಡಕ್ ಮನಶ್ಯಾ” ಅಂತ ಒಬ್ಬ ಶಿಷ್ಯ ಬರೆದಿದ್ದ. ಅದರಲ್ಲಿ ಭಯ ಇದೆ, ಅಭಿಮಾನವೂ ಇದೆ. ಇಂಗ್ಲಿಷಿನಲ್ಲಿ ಎರಡೂ ಒಟ್ಟಿಗೆ ಬರುವ ಪದ ನನಗೆ ಸಿಗಲಿಲ್ಲ. ಆ ಪದವನ್ನು ಹಾಗೇ ಬಿಟ್ಟು, ಖಡಕ್ ರೊಟ್ಟಿಯ ಖಡಕ್ ಅಂತ ಕೆಳಗೆ ಒಂದು ಸಾಲು ಸೇರಿಸಿದೆ. ಮಗಳು ಆಮೇಲೆ ಫೋನ್ ಮಾಡಿದಾಗ ಹೇಳಿದರು: “ಹುಡುಗರಿಗೆ ಅದೊಂದು ಲಗೂನ ತಿಳೀತ್ರಿ. ವರ್ಷಾ ರೊಟ್ಟಿ ಕಟ್ಟಿ ಕಳಸ್ತೇವಲ್ರಿ.”