ತೋರಣ, ಕಲ್ಲು, ಐದು ಚೌಕ: ಗ್ರೂಪಿನಲ್ಲಿ ಚಿತ್ರ ಒಗಟು ಆಡುವ ಬಗೆ

ಚಿತ್ರ ಒಗಟು ಎಂದರೆ ಚಿತ್ರ ನೋಡಿ ಪದ ಹಿಡಿಯುವ ಆಟ, ಉತ್ತರದ ಅಕ್ಷರಕ್ಕೊಂದು ಖಾಲಿ ಚೌಕ ಕೆಳಗಿರುತ್ತದೆ. ಕನ್ನಡದಲ್ಲಿ ಇದನ್ನು ಆಡಲು ಕೂತರೆ ಮೊದಲ ಜಗಳ ಚೌಕದ ಲೆಕ್ಕದಲ್ಲೇ ಶುರುವಾಗುತ್ತದೆ. ‘ಕೊಪ್ಪಳ’ ಎಷ್ಟು ಅಕ್ಷರ? ಬಾಯಲ್ಲಿ ಮೂರು. ಕಂಪ್ಯೂಟರಿನ ಲೆಕ್ಕದಲ್ಲಿ ಆರು: ಕ, ಒಕಾರದ ಗುರುತು, ಪ, ಅರ್ಧಾಕ್ಷರದ ಗುರುತು, ಮತ್ತೊಂದು ಪ, ಕೊನೆಗೆ ಳ. ಇಂಗ್ಲಿಷ್ ಆಟದ ಅಚ್ಚಿನಲ್ಲಿ ಕನ್ನಡ ಪದ ತುಂಬಲು ಹೋದರೆ ಈ ಎರಡು ಲೆಕ್ಕ ಕಲೆತು ಯಾರಿಗೂ ಏನೂ ತಿಳಿಯುವುದಿಲ್ಲ.

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಗೆಳೆಯರು ಸೇರಿ ವಾಟ್ಸಾಪ್‌ನಲ್ಲಿ ಆಡುವ ನಮ್ಮ ಆಟದ ನಿಯಮ ಇಷ್ಟು. ಒತ್ತಕ್ಷರಕ್ಕೆ ಬೇರೆ ಚೌಕವಿಲ್ಲ, ಆದ್ದರಿಂದ ಬಳ್ಳಾರಿ ಮೂರು. ಸೊನ್ನೆ ಹಿಂದಿನ ಅಕ್ಷರದ ಜೊತೆಗೇ ಹೋಗುತ್ತದೆ, ಸಿಂಧನೂರು ನಾಲ್ಕು. ಪದದ ತುದಿಯಲ್ಲಿ ಅರ್ಧಾಕ್ಷರ ನಿಂತರೆ ಅದಕ್ಕೆ ಸ್ವಂತ ಚೌಕ, ಮುದಗಲ್ ನಾಲ್ಕು. ಕೊನೆಯದಕ್ಕೆ ವ್ಯಾಕರಣದ ಬೆಂಬಲ ಕೇಳಬೇಡಿ. ಯಾವುದೋ ಒಂದನ್ನು ಒಪ್ಪಿಕೊಂಡು ಗ್ರೂಪಿನ ವಿವರಣೆಯಲ್ಲಿ ಬರೆದಿಟ್ಟರೆ ಆಯಿತು.

ನಮಗೆ ಹೆಚ್ಚು ರುಚಿ ಹತ್ತಿಸಿದ್ದು ಜೋಡಿಸುವ ಒಗಟು. ಎರಡು ಅಥವಾ ಮೂರು ಚಿತ್ರ, ನಡುವೆ ಕೂಡಿಸುವ ಗುರುತು, ಕೆಳಗೆ ಚೌಕ. ಊರಿನ ಹೆಸರುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಕಿರೀಟ ಇಟ್ಟ ರಾಜ, ಒಡೆದ ಗಾಜಿನ ಒಂದು ತುಂಡು, ನಾಲ್ಕು ಚೌಕ: ರಾಯಚೂರು. ಬಂಗಾರದ ಗಟ್ಟಿ, ಗುಡ್ಡ, ಐದು ಚೌಕ: ಕನಕಗಿರಿ.

ಬಿಡಿಸುವವರು ಎಡವುವುದು ಇಲ್ಲೇ. ಚಿತ್ರ ಕಂಡ ಕೂಡಲೇ ಬಾಯಿಗೆ ಬಂದ ಮೊದಲ ಹೆಸರಿಗೆ ಅಂಟಿಕೊಂಡು ಕೂಡುತ್ತಾರೆ. ‘ಚಿನ್ನ’, ‘ಬೆಟ್ಟ’ ಎಂದು ಹಿಡಿದರೆ ರಾತ್ರಿಯೆಲ್ಲ ಕೂತರೂ ಕನಕಗಿರಿ ಸಿಗುವುದಿಲ್ಲ. ನಾನು ಮಾಡುವುದು ಹೀಗೆ: ಪ್ರತಿ ಚಿತ್ರದ ಕೆಳಗೆ ಅದಕ್ಕಿರುವ ಎಲ್ಲ ಹೆಸರು ಬರೆಯುತ್ತೇನೆ. ಬಂಗಾರ, ಚಿನ್ನ, ಹೊನ್ನು, ಕನಕ, ಸುವರ್ಣ. ಪಕ್ಕದಲ್ಲಿ ಗುಡ್ಡ, ಬೆಟ್ಟ, ಗಿರಿ, ಪರ್ವತ. ಪ್ರತಿ ಹೆಸರಿನ ಮುಂದೆ ಅಕ್ಷರದ ಸಂಖ್ಯೆ ಹಾಕಿ, ಕೂಡಿದರೆ ಐದು ಬರುವ ಜೋಡಿಗಳನ್ನಷ್ಟೇ ಬಾಯಲ್ಲಿ ಹೇಳಿ ನೋಡುವುದು. ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ, ಅದಕ್ಕೇ ಗಟ್ಟಿಯಾಗಿ ಹೇಳಬೇಕು. ಹೆಸರಿನ ಪಟ್ಟಿಯಲ್ಲಿ ನಮ್ಮ ಕಡೆಯ ಮಾತೂ ಇರಲಿ. ಉಳ್ಳಾಗಡ್ಡಿಗೆ ಈರುಳ್ಳಿ, ಶೇಂಗಾಕ್ಕೆ ಕಡಲೆಕಾಯಿ ಎಂದು ಎರಡೂ ಬರೆದುಕೊಳ್ಳಿ. ಎಮ್ಮೆಯ ಚಿತ್ರ ಬಂದಾಗ ಪುಸ್ತಕದ ‘ಎಮ್ಮೆ’ ಹಿಡಿದವರು ಎಮ್ಮಿಗನೂರು ತಲುಪುವುದು ತಡ. ಮನೆಯಲ್ಲಿ ‘ಎಮ್ಮಿ’ ಅನ್ನುವವರು ಆಗಲೇ ಕಂಪ್ಲಿ ತಾಲ್ಲೂಕಿನಲ್ಲಿರುತ್ತಾರೆ.

ಇನ್ನೊಂದು ಉಪಾಯ, ಹಿಂದಿನಿಂದ ಹಿಡಿಯುವುದು. ನೂರು ರೂಪಾಯಿ ನೋಟು ಕೊನೆಗೆ ಬಂದರೆ ಸಿಂಧನೂರು, ಕುಕನೂರು, ಎಮ್ಮಿಗನೂರು, ಬಳಗಾನೂರು ಎಂದು ನಾಲ್ಕೈದು ಊರಿಗೆ ಹುಡುಕಾಟ ಇಳಿಯುತ್ತದೆ. ಕೋಟೆ ಬಂದರೆ ದೇವದುರ್ಗ, ತೆಕ್ಕಲಕೋಟೆ. ಒಗಟು ಕಟ್ಟುವವರಿಗೂ ಇದು ಗೊತ್ತಾಗಿ ಈಗ ನೋಟು ಹಾಕುವುದನ್ನು ಬಿಟ್ಟು, ಶತಕ ಬಾರಿಸಿ ಬ್ಯಾಟ್ ಎತ್ತಿದ ಆಟಗಾರನನ್ನು ಹಾಕುತ್ತಾರೆ.

ನಿಜವಾದ ಮಜಾ ಸಂಧಿಯಲ್ಲಿದೆ. ಮಾವಿನ ತೋರಣ, ಒಂದು ಕಲ್ಲು, ಐದು ಚೌಕ. ‘ತೋರಣಕಲ್ಲು’ ಎಂಬ ಊರಿಲ್ಲ, ಸಂಡೂರು ತಾಲ್ಲೂಕಿನಲ್ಲಿ ತೋರಣಗಲ್ಲು ಇದೆ. ಎರಡನೆಯ ಪದದ ಮೊದಲಿನ ಕ, ತ, ಪ ಹೋಗಿ ಗ, ದ, ಬ ಬರುವ ಆದೇಶ ಸಂಧಿಯನ್ನು ಶಾಲೆಯಲ್ಲಿ ಎಲ್ಲರೂ ಉರು ಹೊಡೆದಿರುತ್ತಾರೆ, ಒಗಟಿನ ಮುಂದೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಎರಡನೆಯ ಚಿತ್ರದ ಹೆಸರು ಈ ಮೂರರಲ್ಲಿ ಒಂದರಿಂದ ಶುರುವಾದರೆ ಕಣ್ಣು ಮುಚ್ಚಿ ಬದಲಿಸಿ ನೋಡಿ. ಮಳೆ, ಗಡಿಯಾರ: ಮಳೆಗಾಲ. ಬೆಟ್ಟ, ತಾವರೆ: ಬೆಟ್ಟದಾವರೆ. ಕಣ್ಣು, ಹುಲ್ಲಿನ ಮೇಲಿನ ಇಬ್ಬನಿ, ಮೂರು ಚೌಕ: ಕಂಬನಿ. ಇದರಲ್ಲಿ ‘ಕಣ್’ ಸೊನ್ನೆಯಾಗಿ, ‘ಪನಿ’ ಬನಿಯಾಗಿ ಎರಡು ಕಡೆ ಬದಲಾವಣೆ ಇರುವುದರಿಂದ ಹೊಸಬರಿಗೆ ಕೊಡಬಾರದು. ತೋರಣಗಲ್ಲಿಗೆ ನೇಣುಗಂಬದ ಚಿತ್ರ ಹಾಕಿದರೆ ಸಂಧಿಯೇ ಬೇಕಿಲ್ಲ, ‘ಗಲ್ಲು’ ನೇರವಾಗಿ ಸಿಗುತ್ತದೆ. ಆದರೆ ಮುಂಜಾನೆ ಎದ್ದು ಗ್ರೂಪ್ ತೆರೆದವರಿಗೆ ಅದನ್ನು ತೋರಿಸುವುದೇ?

ಸ್ವರ ಹೊಂದದ ಕಡೆ ನಕ್ಷತ್ರ ಗುರುತು ಕಡ್ಡಾಯ. ಕುಡಿಯುವ ಲೋಟ, ತುತ್ತು ತಿನ್ನುವ ಕೈ ಹಾಕಿ ಕುಡತಿನಿ ಅನ್ನಿಸಬಹುದು, ಆದರೆ ‘ಕುಡಿ’ ಇಲ್ಲಿ ‘ಕುಡ’ ಆಗಿದೆ, ‘ತಿನ್ನು’ ಕೂಡ ಸವೆದಿದೆ. ತಾವರೆ, ಕೆರೆ ಸೇರಿ ತಾವರಗೇರಾ ಆಗುವಲ್ಲಿಯೂ ಅದೇ ಕಥೆ. ಒಂದು ನಕ್ಷತ್ರ ಎಂದರೆ ಒಂದು ಕಡೆ ಸ್ವರ ಅಥವಾ ಒತ್ತು ಬದಲಾಗಿದೆ ಎಂದರ್ಥ. ಮೂರು ನಕ್ಷತ್ರ ಬೇಕಾದ ಒಗಟನ್ನು ಹಾಕದಿರುವುದೇ ವಾಸಿ.

ನಾಲ್ಕು ಚಿತ್ರಕ್ಕೆ ಒಂದೇ ಪದ ಹುಡುಕುವ ಬಗೆ ಬೇರೆ ಜಾತಿಯದು. ಹಗ್ಗದ ಮೇಲೆ ಹರವಿದ ಬಟ್ಟೆ, ಹೊಗೆಯಾಡುವ ದೀಪದ ಬತ್ತಿ, ಬಸಿಗೆ ಸುರಿದ ಚಹಾ, ದಾಳದ ಒಂದು ಮುಖ. ಎರಡು ಚೌಕ. ಉತ್ತರ ‘ಆರು’. ಜನ ವಸ್ತುವಿನ ಹೆಸರು ಹುಡುಕುತ್ತಾ ಬಟ್ಟೆ, ಬತ್ತಿ ಎಂದು ಸುತ್ತುತ್ತಾರೆ, ಅಲ್ಲಿ ಬೇಕಾದದ್ದು ಕ್ರಿಯಾಪದ. ನಾಲ್ಕರಲ್ಲಿ ಒಂದು ಸಂಖ್ಯೆ ಕಂಡರೆ ಮೊದಲು ಅದನ್ನೇ ಉಳಿದ ಮೂರಕ್ಕೆ ಹಚ್ಚಿ ನೋಡಿ. ‘ಹತ್ತು’ ಕೂಡ ಇದೇ ಸಾಲಿನದು: ಮರ ಹತ್ತು, ಬಸ್ಸು ಹತ್ತು, ಬೆಂಕಿ ಹತ್ತು.

ಗಾದೆಯ ಒಗಟು ಬೇಗ ಸಪ್ಪೆಯಾಗುತ್ತದೆ. ಕೋಣ ಕಂಡರೆ ಸಾಕು, ಕಿನ್ನರಿ ತಾನಾಗಿ ಬರುತ್ತದೆ.

ಚಿತ್ರ ಕಟ್ಟುವಾಗ 1080 ಪಿಕ್ಸೆಲ್‌ನ ಚೌಕ ತೆಗೆದುಕೊಂಡು ಎರಡು ಸಾಲಿನಲ್ಲಿ ನಾಲ್ಕು ಇಟ್ಟರೆ ಒಂದೊಂದಕ್ಕೆ 540 ಸಿಗುತ್ತದೆ. ವಾಟ್ಸಾಪ್ ಫೋಟೋವನ್ನು ಹಿಂಡಿ ಕಳಿಸುವುದರಿಂದ ಇಬ್ಬನಿ, ಬತ್ತಿಯ ಹೊಗೆಯಂಥ ಸೂಕ್ಷ್ಮ ಅಳಿಸಿಹೋಗುತ್ತದೆ. ಎಚ್‌ಡಿ ಆಯ್ಕೆ ಒತ್ತಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಿಂಡುವುದಿಲ್ಲ, ಆದರೆ ಫೈಲಿನ ಹೆಸರು ಎಲ್ಲರಿಗೂ ಕಾಣುತ್ತದೆ. ಉತ್ತರವನ್ನೇ ಫೈಲಿನ ಹೆಸರಾಗಿ ಇಟ್ಟಿದ್ದರೆ ಆಟ ಅಲ್ಲಿಗೆ ಮುಗಿಯಿತು. ಇಮೋಜಿಯಲ್ಲೇ ಒಗಟು ಕಟ್ಟುವುದಾದರೆ ಹಳೆಯ ಫೋನುಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಹಣತೆ, ಸೀರೆ, ಆಟೋರಿಕ್ಷಾ, ದೇವಸ್ಥಾನದ ಇಮೋಜಿ ಬಂದದ್ದು 2019ರಲ್ಲಿ, ಕತ್ತೆ ಸೇರಿದ್ದು 2022ರಲ್ಲಿ. ಅದಕ್ಕೂ ಹಿಂದಿನ ಸಾಫ್ಟ್‌ವೇರ್ ಇರುವ ಫೋನಿನಲ್ಲಿ ಅಲ್ಲಿ ಖಾಲಿ ಡಬ್ಬಿ ಕಾಣುತ್ತದೆ, ಅದನ್ನೂ ಸುಳಿವೆಂದು ತಿಳಿದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿಗೆ ಇಮೋಜಿ ಇಲ್ಲವೇ ಇಲ್ಲ, ಸ್ವಂತ ಫೋಟೋ ತೆಗೆಯಿರಿ. ಸ್ವಂತ ಫೋಟೋಗೆ ಇನ್ನೊಂದು ಲಾಭ: ನೆಟ್ಟಿನಿಂದ ಎತ್ತಿದ ಕಿನ್ನಾಳ ಗೊಂಬೆಯ ಚಿತ್ರವನ್ನು ಗೂಗಲ್ ಲೆನ್ಸ್ ನೇರ ಅದರ ಪುಟಕ್ಕೇ ಒಯ್ದು ನಿಲ್ಲಿಸಬಹುದು.

ಸುಳಿವು ಐದು ನಿಮಿಷಕ್ಕೆ ಒಂದು, ಹತ್ತಕ್ಕೆ ಇನ್ನೊಂದು. ಮೊದಲನೆಯದು ವರ್ಗ: ಊರು, ಊಟ, ವಸ್ತು. ಎರಡನೆಯದು ಯಾವ ಚಿತ್ರಕ್ಕೆ ಎಷ್ಟು ಚೌಕ ಎನ್ನುವುದು. ಜಿಲ್ಲೆಯ ಸುಳಿವು ಕೊಡುವಾಗ ಹುಷಾರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೂವು, ಹಡಗು ಹಾಕಿ ‘ಬಳ್ಳಾರಿ ಜಿಲ್ಲೆ’ ಎಂದು ಬರೆದರೆ ಹೂವಿನಹಡಗಲಿಯವರು ಸುಮ್ಮನಿರುವುದಿಲ್ಲ.

ಒಬ್ಬರಿಗೆ ಎರಡೇ ಊಹೆ. ಇಲ್ಲದಿದ್ದರೆ ರಾಯಚೂರು ಜಿಲ್ಲೆಯ ಊರುಗಳನ್ನೆಲ್ಲ ಒಂದೇ ಏಟಿಗೆ ಅಂಟಿಸಿ ‘ಇದರಾಗ ಐತಿ ನೋಡ್ರಿ’ ಅನ್ನುವ ಅಣ್ಣಂದಿರು ಎಲ್ಲ ಗ್ರೂಪಿನಲ್ಲೂ ಇರುತ್ತಾರೆ. ಉತ್ತರದ ಜೊತೆ ಯಾವ ಚಿತ್ರದಿಂದ ಯಾವ ತುಂಡು ಬಂತೆಂದು ಹೇಳಿದರೆ ಮೂರು ಅಂಕ, ಬರೀ ಉತ್ತರಕ್ಕೆ ಒಂದು. ಎಡಿಟ್ ಮಾಡಿದ ಮೆಸೇಜು ಲೆಕ್ಕಕ್ಕಿಲ್ಲ, ಏಕೆಂದರೆ ಕಳಿಸಿದ 15 ನಿಮಿಷದವರೆಗೆ ವಾಟ್ಸಾಪ್ ತಿದ್ದಲು ಬಿಡುತ್ತದೆ. ಸಿಗ್ನಲ್ ಇಲ್ಲದ ಕಡೆ ಇರುವವರಿಗೆ ತಮ್ಮ ಉತ್ತರವೇ ಮೊದಲು ಹೋದಂತೆ ಕಾಣುತ್ತದೆ, ಪಕ್ಕದಲ್ಲಿ ಗಡಿಯಾರದ ಗುರುತು ಇನ್ನೂ ನಿಂತಿರುತ್ತದೆ. ಆದ್ದರಿಂದ ಒಗಟು ಹಾಕಿದವರ ಫೋನಿನಲ್ಲಿ ಬಂದ ಕ್ರಮವೇ ಅಂತಿಮ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಉತ್ತರ ನಡೆಯುತ್ತದೆ, ಹಿರಿಯರು ವಾಯ್ಸ್ ಮೆಸೇಜ್ ಹಾಕಿದರೂ ನಡೆಯುತ್ತದೆ.

ಯಾರೂ ಬಿಡಿಸದ ಒಗಟನ್ನು ಎಸೆಯಬೇಡಿ. ಬಂದ ತಪ್ಪು ಉತ್ತರಗಳನ್ನೆಲ್ಲ ಬರೆದುಕೊಂಡು, ಯಾವ ಚಿತ್ರಕ್ಕೆ ಜನ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ ನೋಡಿ. ಕೆಟ್ಟಿರುವುದು ಅದೊಂದೇ. ಕವಿತಾಳ ಎಂಬ ಊರಿಗೆ ಗಡ್ಡ, ಶಾಲು, ಪೆನ್ನಿನ ವ್ಯಕ್ತಿಯನ್ನು ಹಾಕಿದರೆ ಲೇಖಕ, ಮೇಷ್ಟ್ರು, ಸ್ವಾಮಿ ಎಂದು ಬರುತ್ತದೆ. ತಾಳಕ್ಕೆ ಮಾತ್ರ ಎಲ್ಲರೂ ತಾಳವೆಂದೇ ಅನ್ನುತ್ತಾರೆ. ತಾಳವನ್ನು ಹಾಗೇ ಬಿಟ್ಟು, ವ್ಯಕ್ತಿಯ ಜಾಗದಲ್ಲಿ ‘ಕವಿಗೋಷ್ಠಿ’ ಎಂಬ ಬ್ಯಾನರ್ ಕಟ್ಟಿದ ವೇದಿಕೆ ಇಟ್ಟು, ಅದರ ಮೊದಲ ಎರಡು ಅಕ್ಷರದ ಮೇಲೆ ಕಪ್ಪು ಬಳಿದು ಮತ್ತೆ ಹಾಕಿ.