ಬಡ ಬಡಾವಣೆಯಲ್ಲಿ ನಿವಾಸಿಗಳದ್ದೇ ಸಂಘ ಕಟ್ಟುವುದು ಹೇಗೆ?

ಬಡವರಿರುವ ಬಡಾವಣೆಗೆ ಹೊರಗಿನಿಂದ ಯೋಜನೆಗಳು ಬರುತ್ತಲೇ ಇರುತ್ತವೆ. ಬೋರ್ಡು ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ, ಹಣ ಮುಗಿದ ಮೇಲೆ ಹೊರಟುಹೋಗುತ್ತಾರೆ. ಅಲ್ಲೇ ಉಳಿಯುವವರು ನಿವಾಸಿಗಳು ತಾನೇ? ಹಾಗಾಗಿ ಸಂಘದ ಲಗಾಮು ಅವರ ಕೈಯಲ್ಲೇ ಇರಬೇಕು.

ಮೊದಲೇ ನೋಂದಣಿ, ಲೆಟರ್‌ಹೆಡ್ ಅಂತ ಓಡಬೇಡಿ. ಒಂದು ಬೀದಿಯಿಂದ ಶುರು ಮಾಡಿ. ಮನೆಮನೆಗೆ ಹೋಗಿ, ದಿನಾ ಜಾಸ್ತಿ ಕಾಡುವುದೇನು ಅಂತ ಕೇಳಿ. ಬಾಡಿಗೆಗೆ ಇರುವವರನ್ನು ಬಿಡಲೇಬೇಡಿ, ಮಾಲೀಕರ ಕಷ್ಟವೇ ಬೇರೆ, ಅವರದ್ದೇ ಬೇರೆ.

ಆಮೇಲೆ ಎಣಿಸಿ. ಮನೆ ಎಷ್ಟು, ನಲ್ಲಿ ಎಷ್ಟು, ಶೌಚಾಲಯ ಎಷ್ಟು, ಎಲ್ಲ ಬರೆದಿಡಿ. ಮುಂಬೈಯಲ್ಲಿ 1985ರಲ್ಲಿ ಸ್ಪಾರ್ಕ್ ಸಂಸ್ಥೆ ಫುಟ್‌ಪಾತ್ ಮೇಲೆ ಬದುಕುವವರ ಗಣತಿ ಮಾಡಿತು. ಯಾರ ಲೆಕ್ಕಕ್ಕೂ ಸಿಗದಿದ್ದ ಜನಕ್ಕೆ ಅಧಿಕಾರಿಗಳ ಮುಂದೆ ಇಡಲು ಕೈಯಲ್ಲೊಂದು ದಾಖಲೆ ಸಿಕ್ಕಿತು.

ಈಗ ಒಂದೇ ಒಂದು ಕೆಲಸ ಹಿಡಿಯಿರಿ, ಕಣ್ಣಿಗೆ ಕಾಣುವಂಥದ್ದು. ಇಲ್ಲಿ ಪಾಕಿಸ್ತಾನದ ಕರಾಚಿಯ ಓರಂಗಿ ಎಂಬ ಬಡ ಬಡಾವಣೆಯನ್ನು ನೋಡಲೇಬೇಕು. 1980ರಲ್ಲಿ ಸಮಾಜ ವಿಜ್ಞಾನಿ ಅಖ್ತರ್ ಹಮೀದ್ ಖಾನ್ ಅಲ್ಲಿ ಕೆಲಸ ಶುರು ಮಾಡಿದಾಗ ಕೊಳಚೆ ನೀರು ಬೀದಿಯಲ್ಲೇ ಹರಿಯುತ್ತಿತ್ತು. ಅವರು ದುಡ್ಡು ಹಂಚಲಿಲ್ಲ. ಇಪ್ಪತ್ತು ಮೂವತ್ತು ಮನೆಗಳ ಗಲ್ಲಿಯೇ ಒಂದು ಗುಂಪು, ಗಲ್ಲಿಯವರೇ ಒಬ್ಬ ಮೇಲ್ವಿಚಾರಕನನ್ನು ಆರಿಸುವುದು, ಅವನೇ ಮನೆಮನೆಯಿಂದ ಹಣ ಕೂಡಿಸುವುದು. ಖಾನ್ ಅವರ ಸಂಸ್ಥೆ ಕೊಟ್ಟಿದ್ದು ನಕ್ಷೆ, ಸಲಕರಣೆ, ತಾಂತ್ರಿಕ ಸಲಹೆ ಮಾತ್ರ. ಮನೆಯ ಶೌಚಾಲಯ, ಗಲ್ಲಿಯ ಒಳಚರಂಡಿ ಜನರ ಖರ್ಚು, ಊರಿನ ದೊಡ್ಡ ಚರಂಡಿ ಸರ್ಕಾರದ ಹೊಣೆ. ಈ ಗೆರೆಯನ್ನು ಮೊದಲೇ ಎಳೆಯಿರಿ, ಯಾಕೆಂದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಬಡವರ ಹೆಗಲಿಗೆ ಹಾಕುವುದು ಸಂಘದ ಕೆಲಸವಲ್ಲ.

ದೇಣಿಗೆ ಬರತೊಡಗಿದ ಮೇಲೆ ಆಡಳಿತ ಮಂಡಳಿಯ ಕಡೆ ಕಣ್ಣಿಡಿ. ಅಮೆರಿಕದ ಬಾಸ್ಟನ್‌ನ ಬಡ ಬಡಾವಣೆಯೊಂದರ ಡಡ್ಲಿ ಸ್ಟ್ರೀಟ್ ಸಂಘ 1984ರಲ್ಲಿ ಹುಟ್ಟಿತು. ಶುರುವಿನ ಯೋಜನೆಯಲ್ಲಿ ಮಂಡಳಿಯೊಳಗೆ ನಿವಾಸಿಗಳಿಗೆ ಕೆಲವೇ ಸ್ಥಾನಗಳಿದ್ದವು. ಜನ ಸಭೆಯಲ್ಲೇ ತಕರಾರು ಎತ್ತಿ, ಬಹುಮತ ಪಡೆದರು. ಮಂಡಳಿಯಲ್ಲಿ ನಿವಾಸಿಗಳದ್ದೇ ಬಹುಮತ ಅಂತ ನಿಮ್ಮ ನಿಯಮಾವಳಿಯಲ್ಲೂ ಬರೆದಿಡಿ. ಜಮಾಖರ್ಚನ್ನು ಎಲ್ಲರೂ ಓಡಾಡುವ ಜಾಗದ ಗೋಡೆಗೆ ಅಂಟಿಸಿ.

ಕೊನೆಗೆ ಜಾಗದ ವಿಷಯ. ಬೀದಿ ಚೆನ್ನಾದರೆ ಬಾಡಿಗೆ ಏರುತ್ತದೆ, ಕಷ್ಟಪಟ್ಟವರೇ ಜಾಗ ಬಿಡಬೇಕಾಗುತ್ತದೆ. ಡಡ್ಲಿಯವರು ನೆಲವನ್ನು ಸಮುದಾಯದ ಟ್ರಸ್ಟಿನ ಹೆಸರಲ್ಲೇ ಉಳಿಸಿಕೊಂಡು, ಮನೆಗಳನ್ನು ಮಾತ್ರ ಮಾರಿ, ಮರುಮಾರಾಟದ ಬೆಲೆಗೆ ಮಿತಿ ಹಾಕಿದರು. ಈ ದಾರಿ ನಿಮ್ಮಲ್ಲಿ ಸಾಧ್ಯವೇ ಅಂತ ಬೆಲೆ ಏರುವ ಮೊದಲೇ ಒಬ್ಬ ವಕೀಲರನ್ನು ಕೇಳಿಬಿಡಿ.